"ಐ ಆಮ್ ನಾಟ್ ಶ್ಯೂರ್" ಅಂದ್ರೆ ನಿಜಕ್ಕೂ ಏನು? ಇಂಗ್ಲಿಷಿನ ಅನುಮಾನದ ಇತಿಹಾಸ



ಇವತ್ತಿನ ಕಥೆ ನನ್ನ ಮೊದಲ ಕೆಲಸದಿಂದ ಶುರುವಾಗುತ್ತೆ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದ ಹೊಸತು. ಬ್ರಿಟನ್ನಿನ ಒಂದು ಕ್ಲೈಂಟ್‌ನ ಲೆಕ್ಕಪತ್ರ ನೋಡಿಕೊಳ್ಳೋ ಟೀಮಲ್ಲಿದ್ದೆ. ತಿಂಗಳ ಕೊನೆಗೆ ಒಂದು ಕಾಲ್. ಒಂದು ಸಲ ಆ ಕಡೆಯ ಮ್ಯಾನೇಜರ್ ಮೇಡಂ ನಾನು ಕಳಿಸಿದ್ದ ಶೀಟ್ ನೋಡಿ, ತುಂಬಾ ಮೆತ್ತಗೆ, "ಐ ಆಮ್ ನಾಟ್ ಎಂಟೈರ್ಲಿ ಶ್ಯೂರ್ ದೀಸ್ ಆರ್ ರೈಟ್" ಅಂದರು. ನಾನು ಅದನ್ನ ಪದಕ್ಕೆ ಪದ ಕನ್ನಡಕ್ಕೆ ತಿರುಗಿಸಿಕೊಂಡೆ. ಅವರಿಗೆ ಪೂರ್ತಿ ಖಾತ್ರಿ ಇಲ್ಲ. ಸರಿ, ಖಾತ್ರಿ ಆದಮೇಲೆ ಅವರೇ ಹೇಳ್ತಾರೆ. "ನೋಟೆಡ್ ಮ್ಯಾಮ್" ಅಂದು ಕಾಲ್ ಮುಗಿಸಿ ಊಟಕ್ಕೆ ಹೋದೆ.

ಎರಡು ವಾರ ಆದಮೇಲೆ ನನ್ನ ಮ್ಯಾನೇಜರ್ ಕರೆದು ಕೂರಿಸಿದರು. ತಪ್ಪು ಇದೆ ಅಂತ ಅವರು ಅವತ್ತೇ ಹೇಳಿದ್ರಲ್ಲ, ಯಾಕೆ ಸರಿ ಮಾಡಲಿಲ್ಲ? ನಾನು ಬೆಪ್ಪಾದೆ. ಅವರು ತಪ್ಪು ಅಂತ ಎಲ್ಲಿ ಹೇಳಿದ್ರು? ಖಾತ್ರಿ ಇಲ್ಲ ಅಂದಿದ್ರು, ಅಷ್ಟೇ. ಆದರೆ ಅವರ ಇಂಗ್ಲಿಷಲ್ಲಿ ಅದರ ಅರ್ಥ, "ಇದು ತಪ್ಪು, ಸರಿ ಮಾಡಿ."

ಇದರಲ್ಲಿ ನನ್ನದೂ ಒಂದು ತಪ್ಪಿತ್ತು. ಅದನ್ನ ಕೊನೆಗೆ ಹೇಳ್ತೀನಿ. ಅವತ್ತಿಂದ ತಲೆಯಲ್ಲಿ ಒಂದು ಪ್ರಶ್ನೆ ಉಳೀತು. ಇಂಗ್ಲಿಷ್ ಮಾತಾಡೋರು ಖಾತ್ರಿ ಇರೋವಾಗಲೂ ಇಲ್ಲ ಅಂತ ಯಾಕೆ ಹೇಳ್ತಾರೆ? ಈ ಅಭ್ಯಾಸ ಎಲ್ಲಿಂದ ಬಂತು? ಹುಡುಕ್ತಾ ಹೋದರೆ ಗಾಳಿ ಪಂಪು, ಗೂಢಚಾರರು, ಒಂದು ವಿಮಾನ, ಎಲ್ಲಾ ಸಿಕ್ಕಿದವು. ಬನ್ನಿ.

ಮೊದಲು 1660ರ ಲಂಡನ್. ಆ ಕಾಲದ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. 1642ರಿಂದ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ. 1649ರಲ್ಲಿ ರಾಜ ಒಂದನೇ ಚಾರ್ಲ್ಸ್‌ನ ತಲೆಯನ್ನೇ ಕಡಿದರು. ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ, ಒಂದೊಂದು ಚರ್ಚಿನ ಪಂಥಕ್ಕೂ ತಾವು ಹೇಳಿದ್ದೇ ಸತ್ಯ ಅನ್ನೋದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಥ ಖಾತ್ರಿಯ ಬೆಲೆ ಎಷ್ಟು ಅನ್ನೋದನ್ನ ಜನ ಕಣ್ಣಾರೆ ಕಂಡಿದ್ದರು.

1660ರಲ್ಲಿ ರಾಜಮನೆತನ ವಾಪಸ್ ಬಂತು. ಅದೇ ವರ್ಷ ನವೆಂಬರ್ 28ರಂದು ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಒಂದಷ್ಟು ಜನ ಸೇರಿ ಒಂದು ಸಂಘ ಕಟ್ಟಿದರು. ಮುಂದೆ ಅದೇ ರಾಯಲ್ ಸೊಸೈಟಿ ಆಯ್ತು. ಆ ಗುಂಪಿನಲ್ಲಿ ರಾಬರ್ಟ್ ಬಾಯ್ಲ್ ಇದ್ದ. ಹೌದು, ಹೈಸ್ಕೂಲಲ್ಲಿ ಓದಿದ ಬಾಯ್ಲ್‌ನ ನಿಯಮದ ಬಾಯ್ಲೇ. ರಾಬರ್ಟ್ ಹುಕ್ ಸಹಾಯದಿಂದ ಅವನು ಗಾಳಿ ಪಂಪೊಂದನ್ನ ಮಾಡಿಸಿದ್ದ. ಗಾಜಿನ ಬುರುಡೆಯೊಳಗೆ ಉರಿಯೋ ಮೇಣದಬತ್ತಿ ಇಟ್ಟು ಗಾಳಿ ಹೊರಗೆಳೆದರೆ ಬತ್ತಿ ಆರಿಹೋಗೋದು.

ಬತ್ತಿ ಆರಿತು ಅನ್ನೋದನ್ನ ಬಾಯ್ಲ್ ಧೈರ್ಯವಾಗಿ ಬರೀತಿದ್ದ. ಕಣ್ಣಿಂದ ನೋಡಿದ್ದು, ಜೊತೆಗೆ ಸಾಕ್ಷಿಗಳಿದ್ದಾರೆ. ಆದರೆ ಯಾಕೆ ಆರಿತು ಅನ್ನೋ ಜಾಗಕ್ಕೆ ಬಂದರೆ ಅವನ ಭಾಷೆಯೇ ಬದಲಾಗ್ತಿತ್ತು. ಪರ್‌ಹ್ಯಾಪ್ಸ್, ಇಟ್ ಸೀಮ್ಸ್, ಅಸಂಭವವಲ್ಲ ಅನ್ನೋ ಥರದ ಮಾತುಗಳು. 1661ರಲ್ಲಿ ಪ್ರಕಟವಾದ ಪ್ರಬಂಧಗಳ ಸಂಗ್ರಹದ ಮುನ್ನುಡಿಯಂಥ ಬರಹದಲ್ಲಿ ಅವನು ಇದನ್ನ ಬಾಯಿಬಿಟ್ಟು ಹೇಳ್ತಾನೆ. ಇಂಥ ಪದಗಳನ್ನ ಬೇಕಂತಲೇ ಬಳಸಿದ್ದೀನಿ, ನನ್ನ ಅಭಿಪ್ರಾಯದ ಬಗ್ಗೆ ನನಗೆ ಪೂರ್ತಿ ಭರವಸೆ ಇಲ್ಲ ಅನ್ನೋದು ಓದುವವರಿಗೆ ಕಾಣಲಿ ಅಂತ.

ತತ್ವಜ್ಞಾನಿ ಥಾಮಸ್ ಹಾಬ್ಸ್‌ಗೆ ಈ ದಾರಿ ಹಿಡಿಸಲಿಲ್ಲ. ಜ್ಯಾಮಿತಿಯ ಹಾಗೆ ಖಚಿತವಾಗಿ ಸಾಧಿಸಿ ತೋರಿಸೋದೇ ನಿಜವಾದ ಜ್ಞಾನ ಅನ್ನೋದು ಅವನ ಪಟ್ಟು. ಇಬ್ಬರೂ ಜಗಳ ಆಡಿದರು. ಸ್ಟೀವನ್ ಶೇಪಿನ್ ಮತ್ತು ಸೈಮನ್ ಶಾಫರ್ ಅನ್ನೋ ಇತಿಹಾಸಕಾರರು 1985ರಲ್ಲಿ ಈ ಜಗಳದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರ ಪ್ರಕಾರ ಅದು ಬರೀ ಗಾಳಿಯ ಬಗ್ಗೆ ಆಗಿರಲಿಲ್ಲ. ಯುದ್ಧದಿಂದ ಸುಸ್ತಾದ ಒಂದು ದೇಶದಲ್ಲಿ ಜನ ಕತ್ತಿ ಹಿರಿಯದೆ ಭಿನ್ನಾಭಿಪ್ರಾಯ ಇಟ್ಟುಕೊಳ್ಳೋದು ಹೇಗೆ ಅನ್ನೋ ಪ್ರಶ್ನೆಯೂ ಅದರಲ್ಲಿತ್ತು.

ಪರ್‌ಹ್ಯಾಪ್ಸ್ ಪದದ ಒಳಗೇ ಒಂದು ಚಂದದ ವಿಷಯ ಇದೆ. ಅದರಲ್ಲಿರೋ ಹ್ಯಾಪ್ ಅನ್ನೋದು ಹಳೆಯ ನಾರ್ಸ್ ಭಾಷೆಯಿಂದ ಬಂದಿದ್ದು, ಅರ್ಥ ಅದೃಷ್ಟ. ಹ್ಯಾಪನ್, ಹ್ಯಾಪಿ ಎರಡೂ ಅದೇ ಬೇರಿನವು. ಅಂದ್ರೆ ಪರ್‌ಹ್ಯಾಪ್ಸ್ ಅನ್ನೋದು ಮೂಲದಲ್ಲಿ "ಅದೃಷ್ಟ ಹೇಗಿದೆಯೋ ಹಾಗೆ" ಅನ್ನೋ ಮಾತು. ಬಾಯ್ಲ್ ಕೈಯಲ್ಲಿ ಅದು ಒಂದು ಅಳತೆಗೋಲಾಯ್ತು. ನನಗೆ ಇಷ್ಟು ಗೊತ್ತು, ಇಲ್ಲಿಂದಾಚೆ ಊಹೆ. ಇದನ್ನ ನೆನಪಲ್ಲಿಡಿ. ಇಂಗ್ಲಿಷಿನ ಅನುಮಾನದ ಪದಗಳಿಗೆ ಸಿಕ್ಕ ಮೊದಲ ಕೆಲಸ ಇದು, ಪ್ರಾಮಾಣಿಕತೆ.

ಎರಡನೇ ಕೆಲಸ ಸಿಕ್ಕಿದ್ದು ಹೇಗೆ ಅಂತ ನೋಡೋಕೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗಬೇಕು. ಬೆಂಜಮಿನ್ ಫ್ರಾಂಕ್ಲಿನ್ 1771ರಲ್ಲಿ ಬರೆಯೋಕೆ ಶುರು ಮಾಡಿದ ಆತ್ಮಕಥೆಯಲ್ಲಿ ತನ್ನ ಯೌವನದ ಒಂದು ಚಟದ ಬಗ್ಗೆ ಹೇಳಿಕೊಳ್ತಾನೆ. ವಾದಕ್ಕೆ ನಿಂತರೆ ಎದುರಿನವರನ್ನ ಮಣಿಸಿಯೇ ಬಿಡೋ ಚಟ. ಆಮೇಲೆ ಅದನ್ನ ಬಿಟ್ಟ. ಸರ್ಟನ್ಲಿ, ಅನ್‌ಡೌಟೆಡ್ಲಿ ಅನ್ನೋ ಪದಗಳನ್ನ ಬಾಯಿಂದ ತೆಗೆದುಹಾಕಿ, "ನನಗೆ ಸದ್ಯಕ್ಕೆ ಹೀಗೆ ತೋರುತ್ತೆ" ಅನ್ನೋ ಧಾಟಿ ರೂಢಿ ಮಾಡಿಕೊಂಡ. ಜನ ತನ್ನ ಮಾತಿಗೆ ಒಪ್ಪೋಕೆ ಶುರು ಮಾಡಿದರು ಅಂತಾನೆ.

ವ್ಯತ್ಯಾಸ ಗೊತ್ತಾಯ್ತಾ? ಬಾಯ್ಲ್ ಅನುಮಾನದ ಪದ ಬಳಸಿದ್ದು ಅವನಿಗೆ ಅನುಮಾನ ಇದ್ದಿದ್ದಕ್ಕೆ. ಫ್ರಾಂಕ್ಲಿನ್ ಬಳಸಿದ್ದು ಎದುರಿನವರ ಮನಸ್ಸು ನೋಯದಿರಲಿ, ಕೆಲಸವೂ ಆಗಲಿ ಅಂತ. ಪದ ಅದೇ, ಕೆಲಸ ಬೇರೆ.

ಆದರೆ ಫ್ರಾಂಕ್ಲಿನ್‌ನನ್ನ ಬರೀ ನಾಜೂಕಿನ ಮನುಷ್ಯ ಅಂದರೆ ತಪ್ಪಾಗುತ್ತೆ. 1787ರ ಸೆಪ್ಟೆಂಬರ್ 17, ಫಿಲಡೆಲ್ಫಿಯಾ. ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕೋ ದಿನ. ಅವನಿಗೆ 81 ವರ್ಷ. ಮೈಯಲ್ಲಿ ಶಕ್ತಿ ಇಲ್ಲದೆ ಅವನ ಭಾಷಣವನ್ನ ಜೇಮ್ಸ್ ವಿಲ್ಸನ್ ಓದಿದ. ಭಾಷಣದ ಸಾರ ಇಷ್ಟೇ. ಈ ಸಂವಿಧಾನದ ಕೆಲವು ಭಾಗಗಳು ನನಗೆ ಸದ್ಯಕ್ಕೆ ಒಪ್ಪಿಗೆ ಇಲ್ಲ, ಮುಂದೆಯೂ ಒಪ್ಪಲ್ಲ ಅಂತ ಹೇಳಲಾರೆ, ವಯಸ್ಸಾದ ಹಾಗೆ ನನ್ನ ಅಭಿಪ್ರಾಯಗಳು ಬದಲಾಗಿದ್ದನ್ನ ನಾನೇ ನೋಡಿದ್ದೀನಿ, ನೀವೂ ನಿಮ್ಮ ಖಾತ್ರಿಯ ಮೇಲೆ ಸ್ವಲ್ಪ ಅನುಮಾನ ಪಟ್ಟು ಸಹಿ ಹಾಕಿ. 39 ಜನ ಹಾಕಿದರು. ಅಲ್ಲಿದ್ದ ಮೂವರು ಹಾಕಲಿಲ್ಲ. ಅನುಮಾನ ಅಂದ್ರೆ ದೌರ್ಬಲ್ಯ ಅಂದುಕೊಂಡಿರೋರು ಈ ದಿನವನ್ನ ನೆನಪಿಟ್ಟುಕೊಳ್ಳಬೇಕು.

ಈ ಎರಡನೇ ಕೆಲಸಕ್ಕೆ 1978ರಲ್ಲಿ ಇಬ್ಬರು ಭಾಷಾವಿಜ್ಞಾನಿಗಳು ಒಂದು ಸಿದ್ಧಾಂತವನ್ನೇ ಕೊಟ್ಟರು. ಪೆನೆಲಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್. ಅವರು ಹೋಲಿಸಿದ್ದು ಮೂರು ಭಾಷೆಗಳನ್ನ. ಇಂಗ್ಲಿಷ್, ಮೆಕ್ಸಿಕೋದ ಟ್ಸೆಲ್ಟಾಲ್, ಇನ್ನೊಂದು ನಮ್ಮ ಪಕ್ಕದ ತಮಿಳು. ಅವರ ವಾದದ ಬುಡದಲ್ಲಿ ಇರೋದು ಫೇಸ್, ಅಂದ್ರೆ ಮುಖ. ಪ್ರತಿಯೊಬ್ಬರಿಗೂ ಸಮಾಜದಲ್ಲಿ ಒಂದು ಮುಖ ಇರುತ್ತೆ, ಮಾತಾಡುವಾಗ ನಾವು ಎದುರಿನವರ ಮುಖ ಕೆಡದ ಹಾಗೆ ನೋಡ್ಕೋತೀವಿ. ಮುಖಕ್ಕೆ ಹೊಡೆದ ಹಾಗೆ ಮಾತಾಡಬೇಡ ಅಂತ ಬೈಸಿಕೊಂಡು ಬೆಳೆದ ನಮಗೆ ಇದನ್ನ ವಿವರಿಸೋದೇ ಬೇಡ, ಅಲ್ವಾ? ನೇರವಾಗಿ "ತಪ್ಪು" ಅನ್ನೋ ಬದಲು "ಖಾತ್ರಿ ಇಲ್ಲ" ಅನ್ನೋದು ಮುಖ ಉಳಿಸೋ ದಾರಿ. ನನ್ನ ಕ್ಲೈಂಟ್ ಮೇಡಂ ನನ್ನ ಮುಖ ಉಳಿಸೋಕೆ ನೋಡಿದ್ರು. ನನಗೆ ಅರ್ಥ ಆಗಲಿಲ್ಲ ಅಷ್ಟೇ.

ಅರ್ಥ ಆಗಲಿಲ್ಲ ಅಂದೆ ನೋಡಿ, ಅದನ್ನ ಹೇಳೋದಕ್ಕೂ ಇಂಗ್ಲಿಷಲ್ಲಿ ಒಂದು ರಾಮಾಯಣ ಇದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ನನಗೆ ಕಲಿಸಿದ್ದು, ಕೇಳಿಸದಿದ್ದರೆ ವಾಟ್ ಅನ್ನಬಾರದು, ಪಾರ್ಡನ್ ಅನ್ನಬೇಕು ಅಂತ. ತಮಾಷೆ ಏನು ಗೊತ್ತಾ? 1954ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಲನ್ ರಾಸ್, ಇಂಗ್ಲೆಂಡಿನ ಮೇಲ್ವರ್ಗದವರ ಮಾತು ಯಾವುದು, ಉಳಿದವರ ಮಾತು ಯಾವುದು ಅಂತ ವಿಂಗಡಿಸಿ ಒಂದು ಲೇಖನ ಬರೆದರು. ಯು ಮತ್ತು ನಾನ್-ಯು ಅಂತ. ಮರುವರ್ಷ ಕಾದಂಬರಿಕಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಅದರ ಬಗ್ಗೆ ಬರೆದ ಮೇಲೆ ದೇಶಕ್ಕೆ ದೇಶವೇ ತನ್ನ ಬಾಯಿ ತಾನೇ ಚೆಕ್ ಮಾಡಿಕೊಳ್ತು. ರಾಸ್ ಪ್ರಕಾರ ಪಾರ್ಡನ್ ಅನ್ನೋದು ನಾನ್-ಯು. ನಿಜವಾದ ಮೇಲ್ವರ್ಗದವರು ಸುಮ್ಮನೆ ವಾಟ್ ಅಂತಿದ್ದರು. ತಾವು ಎಲ್ಲಿದ್ದೀವಿ ಅಂತ ಭಯ ಇಲ್ಲದವರಿಗೆ ಮೆತ್ತನೆ ಮಾತಿನ ಅಗತ್ಯ ಇರಲಿಲ್ಲ. ಭಯ ಇದ್ದವರು ಪಾರ್ಡನ್ ಹಿಂದೆ ನಿಂತರು. ಆ ಪಾರ್ಡನ್ ನಮ್ಮೂರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರೆಗೂ ಬಂತು.

ಇಲ್ಲಿವರೆಗೆ ನಗೋ ವಿಷಯ. ಈಗ ಒಂದು ಪದಕ್ಕೆ ಎರಡೆರಡು ಕೆಲಸ ಕೊಟ್ಟರೆ ಏನಾಗುತ್ತೆ ಅಂತ ನೋಡೋಣ.

1951ರ ಮಾರ್ಚ್, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಯುಗೊಸ್ಲಾವಿಯಾದ ಟಿಟೊಗೂ ಸ್ಟಾಲಿನ್‌ಗೂ 1948ರಲ್ಲೇ ಸಂಬಂಧ ಕಡಿದಿತ್ತು. ಆ ವರ್ಷ ಸೋವಿಯತ್ ಬಣ ಯುಗೊಸ್ಲಾವಿಯಾ ಮೇಲೆ ದಾಳಿ ಮಾಡುತ್ತಾ ಅನ್ನೋದು ಪ್ರಶ್ನೆ. ಸಿಐಎ ವರದಿ ದಾಳಿಯ ಸೀರಿಯಸ್ ಪಾಸಿಬಿಲಿಟಿ ಇದೆ ಅಂತ ಹೇಳ್ತು. ಅದನ್ನ ತಯಾರಿಸಿದವರಲ್ಲಿ ಒಬ್ಬರು ಶರ್ಮನ್ ಕೆಂಟ್, ಮೊದಲು ಯೇಲ್‌ನಲ್ಲಿ ಇತಿಹಾಸದ ಪ್ರೊಫೆಸರ್ ಆಗಿದ್ದವರು. ಕೆಲವು ದಿನ ಕಳೆದು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದರು, ಅಂದ್ರೆ ಎಷ್ಟು? ಕೆಂಟ್ ತಮ್ಮ ಲೆಕ್ಕ ಹೇಳಿದರು, ನೂರಕ್ಕೆ 65ರಷ್ಟು ದಾಳಿ ಆಗುತ್ತೆ. ಆ ಅಧಿಕಾರಿಗೆ ಗಾಬರಿ. ಅವರು ತುಂಬಾ ಕಡಿಮೆ ಅಂದುಕೊಂಡಿದ್ದರು.

ಕೆಂಟ್‌ಗೆ ತಲೆಬಿಸಿ ಆಯ್ತು. ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ತಮ್ಮ ಸಹೋದ್ಯೋಗಿಗಳನ್ನ ಒಬ್ಬೊಬ್ಬರನ್ನಾಗಿ ಕೇಳಿದರು, ನಿಮ್ಮ ಮನಸ್ಸಲ್ಲಿ ಎಷ್ಟಿತ್ತು? ಒಬ್ಬರು ನೂರಕ್ಕೆ 20 ಅಂದರು, ಇನ್ನೊಬ್ಬರು 80. ಒಂದೇ ಟೇಬಲ್, ಒಂದೇ ಪದ, ಎಲ್ಲರೂ ತಲೆ ಆಡಿಸಿದ್ದರು. ಒಪ್ಪಿದ್ದು ಪದಕ್ಕೆ ಮಾತ್ರ.

ಆ ದಾಳಿ ನಡೆಯಲೇ ಇಲ್ಲ, ಹಾಗಾಗಿ ನಷ್ಟ ಆಗಲಿಲ್ಲ. ಹತ್ತು ವರ್ಷ ಆದಮೇಲೆ ಆ ಅದೃಷ್ಟ ಇರಲಿಲ್ಲ. 1961ರಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿಯ ಯೋಜನೆ ನೋಡಿದ ಸೇನಾ ಮುಖ್ಯಸ್ಥರ ವರದಿ, ಗೆಲುವಿಗೆ ಫೇರ್ ಚಾನ್ಸ್ ಇದೆ ಅಂತು. ಬರೆದ ಅಧಿಕಾರಿಯ ಮನಸ್ಸಲ್ಲಿ ಇದ್ದಿದ್ದು ಸುಮಾರು ನೂರಕ್ಕೆ 30, ಅಂದ್ರೆ ಸೋಲೋದೇ ಹೆಚ್ಚು. ಓದಿದವರಿಗೆ ಅದು ಪರವಾಗಿಲ್ಲ, ಚೆನ್ನಾಗೇ ಇದೆ ಅಂತ ಕೇಳಿಸ್ತು. ಅಧ್ಯಕ್ಷ ಕೆನಡಿ ಒಪ್ಪಿಗೆ ಕೊಟ್ಟರು. ಸುಮಾರು 1,400 ಜನ ಇಳಿದರು. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು 1,200 ಜನ ಸೆರೆಯಾದರು. ಆ ಸೋಲಿಗೆ ಬೇಕಾದಷ್ಟು ಕಾರಣ ಇದ್ದವು, ಆದರೆ ಆ ಎರಡು ಪದಗಳಿಗೂ ಅದರಲ್ಲಿ ಪಾಲಿತ್ತು.

1964ರಲ್ಲಿ ಕೆಂಟ್ ಈ ಅನುಭವವನ್ನೆಲ್ಲ ಬರೆದರು. ಪದಕ್ಕೆ ಪಕ್ಕದಲ್ಲಿ ಅಂಕಿ ಇಡೋಣ, ಪ್ರಾಬಬಲ್ ಅಂದ್ರೆ ಸುಮಾರು 75, ಆಲ್ಮೋಸ್ಟ್ ಸರ್ಟನ್ ಅಂದ್ರೆ ಸುಮಾರು 93, ಹೀಗೆ. ತಮ್ಮ ಆಫೀಸಿನವರನ್ನ ಅವರು ಎರಡು ಗುಂಪು ಮಾಡಿದ್ದರು, ಗಣಿತಜ್ಞರು ಮತ್ತು ಕವಿಗಳು. ಕವಿಗಳಿಗೆ ಅಂಕಿ ಕಂಡರೆ ಆಗ್ತಿರಲಿಲ್ಲ. ಆವಾಗ ಗೆದ್ದಿದ್ದು ಕವಿಗಳೇ.

ಈಗ ಕೊನೆಯ ಕಥೆ. ಇದನ್ನ ಹೇಳೋಕೆ ನನಗೆ ಸ್ವಲ್ಪ ಕಷ್ಟ.

1982ರ ಜನವರಿ 13, ವಾಷಿಂಗ್ಟನ್. ಜೋರು ಹಿಮ. ಏರ್ ಫ್ಲೋರಿಡಾ ಸಂಸ್ಥೆಯ ಬೋಯಿಂಗ್ 737 ಹೊರಡೋಕೆ ಕಾಯ್ತಿತ್ತು. ರೆಕ್ಕೆಗಳ ಮೇಲೆ ಹಿಮ ಕೂತಿತ್ತು. ಎಂಜಿನ್ನಿನಲ್ಲಿ ಮಂಜುಗಟ್ಟದ ಹಾಗೆ ತಡೆಯೋ ವ್ಯವಸ್ಥೆಯನ್ನ ಪೈಲಟ್‌ಗಳು ಆನ್ ಮಾಡಿರಲಿಲ್ಲ. ಅದರಿಂದ ಎಂಜಿನ್ ಶಕ್ತಿ ತೋರಿಸೋ ಮೀಟರ್ ಇರೋದಕ್ಕಿಂತ ಜಾಸ್ತಿ ತೋರಿಸ್ತಿತ್ತು. ವಿಮಾನ ರನ್‌ವೇ ಮೇಲೆ ಓಡ್ತಿರುವಾಗ ಕೋ-ಪೈಲಟ್ ಮೀಟರ್ ನೋಡಿ ಅನುಮಾನ ಪಟ್ಟ. ಕಾಕ್‌ಪಿಟ್ ರೆಕಾರ್ಡಿಂಗ್ ಇದೆ. ಇದು ಸರಿ ಅನ್ನಿಸ್ತಿಲ್ಲ ಅಲ್ವಾ ಅಂದ. ಇದು ಸರಿ ಇಲ್ಲ ಅಂದ. ಕ್ಯಾಪ್ಟನ್, ಸರಿಯಾಗೇ ಇದೆ ಅಂದ. ಕೋ-ಪೈಲಟ್ ಮತ್ತೆ, ನನಗೇನೋ ಸರಿ ಅನ್ನಿಸಲ್ಲ ಅಂದ. ಆಮೇಲೆ, ಇರಬಹುದೇನೋ ಅಂದ.

ವಿಮಾನ ಮೇಲೇರಿ ಸುಮಾರು ಅರ್ಧ ನಿಮಿಷದಲ್ಲಿ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಒಳಗಿದ್ದ 79 ಜನರಲ್ಲಿ 74 ಜನ, ಸೇತುವೆ ಮೇಲೆ ವಾಹನಗಳಲ್ಲಿದ್ದ 4 ಜನ ಸತ್ತರು. ತನಿಖೆ ಕೊಟ್ಟ ಕಾರಣಗಳಲ್ಲಿ ಒಂದು, ಮೀಟರ್ ಬಗ್ಗೆ ಗಮನ ಸೆಳೆದಾಗಲೂ ಕ್ಯಾಪ್ಟನ್ ಟೇಕಾಫ್ ನಿಲ್ಲಿಸದೇ ಇದ್ದಿದ್ದು.

ಇಬ್ಬರದೂ ಮಾತೃಭಾಷೆ ಇಂಗ್ಲಿಷೇ. ನನ್ನ ಹಾಗೆ ಕನ್ನಡಕ್ಕೆ ತಿರುಗಿಸಿ ಎಡವಿದವರಲ್ಲ. ಹಾಗಾದರೆ ತೊಂದರೆ ಎಲ್ಲಿ? "ಸರಿ ಅನ್ನಿಸ್ತಿಲ್ಲ" ಅನ್ನೋ ಮಾತಿಗೆ ಎರಡು ಅರ್ಥ ಇದ್ದವು. ಒಂದು ಬಾಯ್ಲ್‌ನ ಅರ್ಥ, ನನಗೆ ನಿಜಕ್ಕೂ ಖಾತ್ರಿ ಇಲ್ಲ. ಇನ್ನೊಂದು ಫ್ರಾಂಕ್ಲಿನ್‌ನ ಅರ್ಥ, ಖಾತ್ರಿ ಇದೆ, ಆದರೆ ನೀವು ದೊಡ್ಡವರು, ಮೆತ್ತಗೆ ಹೇಳ್ತಿದ್ದೀನಿ. ಯಾವುದು ಅಂತ ಕೇಳೋಕೆ ಅಲ್ಲಿ ಸಮಯ ಇರಲಿಲ್ಲ.

ಶಾರ್ಲಟ್ ಲಿಂಡೆ ಅನ್ನೋ ಭಾಷಾವಿಜ್ಞಾನಿ ವಿಮಾನ ಅಪಘಾತಗಳ ಕಾಕ್‌ಪಿಟ್ ಮಾತುಗಳನ್ನ ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದರು. ಕೆಳಗಿನ ಸ್ಥಾನದವರು ಮೇಲಿನವರ ಜೊತೆ ಹೆಚ್ಚು ಮೆತ್ತಗೆ ಮಾತಾಡ್ತಾರೆ, ಮೆತ್ತಗೆ ಹೇಳಿದ ಸಲಹೆಗಳು ಬಿದ್ದುಹೋಗೋದೂ ಹೆಚ್ಚು. ಯಾರಿಗೆ ಎಷ್ಟು ಗೊತ್ತು ಅನ್ನೋದಕ್ಕಿಂತ ಯಾರು ದೊಡ್ಡವರು ಅನ್ನೋದು ಮಾತನ್ನ ಮೆತ್ತಗೆ ಮಾಡ್ತಿತ್ತು.

ವಿಮಾನಯಾನದವರು ಇದಕ್ಕೆ ಮದ್ದು ಹುಡುಕೋದನ್ನ ಆಗಲೇ ಶುರು ಮಾಡಿದ್ದರು. 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ತರಬೇತಿ ಆರಂಭಿಸಿತು. ಇವತ್ತು ಅದಕ್ಕೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅಂತಾರೆ. ಕಿರಿಯರು ತಮ್ಮ ಆತಂಕವನ್ನ ಸ್ಪಷ್ಟವಾಗಿ ಹೇಳೋದು, ಹಿರಿಯರು ಅದನ್ನ ಕೇಳಿಸಿಕೊಳ್ಳೋದು, ಎರಡನ್ನೂ ಕಲಿಸ್ತಾರೆ. ಅಮೆರಿಕದ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಮೂರು ಮೆಟ್ಟಿಲು ಕಲಿಸೋ ಒಂದು ಪದ್ಧತಿ ಇದೆ. ಮೊದಲು "ನನಗೆ ಆತಂಕ ಆಗ್ತಿದೆ." ಕೇಳದಿದ್ದರೆ "ನನಗಿದು ಸರಿಬರ್ತಿಲ್ಲ." ಅದಕ್ಕೂ ಕೇಳದಿದ್ದರೆ "ಇದು ರೋಗಿಯ ಸುರಕ್ಷತೆಯ ಪ್ರಶ್ನೆ." ಡಾಕ್ಟರಿಗೆ ಅಗೌರವ ಎಲ್ಲೂ ಇಲ್ಲ, ಆದರೆ ಇರಬಹುದೇನೋ ಅಂತ ಹಿಂದೆ ಸರಿಯೋ ಮೆಟ್ಟಿಲೂ ಇಲ್ಲ.

ಕೆಂಟ್ ಕೂಡ ತಡವಾಗಿ ಗೆದ್ದರು. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಯಲ್ಲಿ ಲೈಕ್ಲಿ ಅಂತ ಬರೆದರೆ ಕನಿಷ್ಠ ನೂರಕ್ಕೆ 66, ವೆರಿ ಲೈಕ್ಲಿ ಅಂದರೆ ಕನಿಷ್ಠ 90. ಬ್ರಿಟನ್ನಿನ ಗುಪ್ತಚರ ವರದಿಗಳಲ್ಲಿ ರಿಯಲಿಸ್ಟಿಕ್ ಪಾಸಿಬಿಲಿಟಿ ಅಂದ್ರೆ 40ರಿಂದ 50. ಪದದ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಜಾಗ ಕಡಿಮೆ ಆಗಿದೆ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ಭಾಷೆಯಲ್ಲಿ ಅನುಮಾನಕ್ಕೆ ಬಡತನ ಇಲ್ಲ. ವ್ಯಾಕರಣದಲ್ಲಿ ಸಂಭಾವನಾರ್ಥಕ ಕ್ರಿಯಾಪದ ಅಂತ ಓದಿದ್ದು ನೆನಪಿದೆಯಾ? ಮಳೆ ಬಂದೀತು, ಅವನು ಹೋದಾನು. ಪರ್‌ಹ್ಯಾಪ್ಸ್ ಮಾಡೋ ಕೆಲಸವನ್ನ ನಮ್ಮ ಕ್ರಿಯಾಪದದ ಬಾಲವೇ ಮಾಡುತ್ತೆ. ಇನ್ನು "ಬಂದನಂತೆ" ಅಂದರೆ, ನಾನು ನೋಡಿಲ್ಲ, ಯಾರೋ ಹೇಳಿದ್ದು ಅಂತ ಕೇಳಿದವರಿಗೆಲ್ಲ ಗೊತ್ತಾಗುತ್ತೆ. ಬಾಯ್ಲ್‌ಗೆ ಈ "ಅಂತೆ" ಸಿಕ್ಕಿದ್ದರೆ ಖುಷಿಪಟ್ಟಿರೋನು.

ಆದರೆ ಆ ಕಾಲ್‌ನಲ್ಲಿ ನಾನು ಮಾಡಿದ್ದೇನು? ಮೊದಲಿಗೆ ನನ್ನದೂ ತಪ್ಪಿತ್ತು ಅಂದಿದ್ದೆನಲ್ಲ, ಅದು ಇದು. ಮೇಡಂ ಏನು ಹೇಳ್ತಿದ್ದಾರೆ ಅಂತ ನನಗೆ ಸರಿಯಾಗಿ ಅರ್ಥ ಆಗಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು. ಕೇಳಬಹುದಿತ್ತು. ಕೇಳಿದರೆ ಕನ್ನಡ ಮೀಡಿಯಂ ಅಂತ ಗೊತ್ತಾಗುತ್ತೆ ಅನ್ನೋ ಅಳುಕು. ಅವರು ನನ್ನ ಮುಖ ಉಳಿಸೋಕೆ "ಖಾತ್ರಿ ಇಲ್ಲ" ಅಂದರು, ನಾನು ನನ್ನ ಮುಖ ಉಳಿಸೋಕೆ "ನೋಟೆಡ್" ಅಂದೆ. ಇಬ್ಬರ ಮುಖವೂ ಉಳೀತು, ಲೆಕ್ಕ ಮಾತ್ರ ತಪ್ಪಾಗೇ ಇತ್ತು.

ಈಗ ನಾನು ಎರಡು ಕೆಲಸ ಮಾಡ್ತೀನಿ. ಯಾರಾದರೂ ನಾಟ್ ಶ್ಯೂರ್ ಅಂದರೆ ವಾಪಸ್ ಕೇಳ್ತೀನಿ, "ಇದು ತಪ್ಪು ಅಂತಾನಾ, ಇಲ್ಲ ಇನ್ನೊಂದು ಸಲ ನೋಡೋಣ ಅಂತಾನಾ?" ಇಲ್ಲಿವರೆಗೆ ಯಾರೂ ಬೇಜಾರು ಮಾಡ್ಕೊಂಡಿಲ್ಲ. ಇನ್ನೊಂದು, ನನಗೆ ಅರ್ಥ ಆಗದಿದ್ದರೆ ಎಲ್ಲಿವರೆಗೆ ಆಯ್ತು ಅಂತ ಹೇಳ್ತೀನಿ. "ಮೂರನೇ ಕಾಲಮ್‌ವರೆಗೆ ಅರ್ಥ ಆಯ್ತು, ನಾಲ್ಕನೇದು ಆಗಲಿಲ್ಲ." ಬತ್ತಿ ಆರಿದ್ದು ನೋಡಿದೆ, ಯಾಕೆ ಅಂತ ಗೊತ್ತಿಲ್ಲ ಅನ್ನೋ ಅದೇ ಬಾಯ್ಲ್ ಲೆಕ್ಕ.

ಅರ್ಥ ಆಗದೇ ಯೆಸ್ ಅಂದು ಸಿಕ್ಕಿಹಾಕಿಕೊಂಡ ಕಥೆ ನಿಮ್ಮ ಹತ್ರಾನೂ ಇರಲೇಬೇಕು. ವಾಯ್ಸ್ ನೋಟ್ ಕಳಿಸಿ, ಕಂಪನಿ ಹೆಸರು ಮಾತ್ರ ಬೇಡ. ಮುಂದಿನ ವಾರ ಸಿಗೋಣ. ಸಿಗೋಣ ಅಂದ್ರೆ, ನೂರಕ್ಕೆ 93.